ಸುಂಟರಗಾಳಿ, ಎರಡನೇ ಭಾಗ

ಜೂನ್ ೯, ಭಾನುವಾರ

ಮಗಳು ಬಿಡದೆ ಎಳೆದುಕೊಂಡು ಹೋಗಿ ಸುಂಟರಗಾಳಿ ಸಿನಿಮಾದ ಎರಡನೇ ಭಾಗ ತೋರಿಸಿದಳು. ಅವಳಮ್ಮ ತೀರಿಕೊಂಡ ಮೇಲೆ ನಾನು ಸಿನಿಮಾ ನೋಡಿದ್ದು ಇದೇ ಮೊದಲು. ಗಾಳಿ ಕಂಡರೆ ಓಡಬೇಕು, ಈ ತಲೆಕೆಟ್ಟವರು ಜೀಪು ಹತ್ತಿ ಅದರ ಬೆನ್ನು ಬೀಳುತ್ತಾರೆ!

ಮೊದಲನೇ ಭಾಗದಲ್ಲಿ ಮನೆಮಠ ಹಾರುತ್ತಿದ್ದರೂ ನನ್ನವಳು ಭುಜಕ್ಕೊರಗಿ ಗೊರಕೆ ಹೊಡೆದಿದ್ದಳು. ಯಾವ ಸಿನಿಮಾಕ್ಕೆ ಹೋದರೂ ಅಷ್ಟೇ. ಬಸ್ಸು ಹತ್ತಿದ ಮೇಲೆ, "ರೀ, ಕೊನೆಗೇನಾಯ್ತು?"

"ಕಾಸು ಕೊಟ್ಟು ನಿದ್ದೆ ಮಾಡೋಳು ನೀನೊಬ್ಬಳೇ ಕಣೇ" ಅಂತ ಬೈದು, ಮನೆ ಬರುವವರೆಗೂ ಕಥೆ ಹೇಳುತ್ತಿದ್ದೆ.

ಇವತ್ತೂ ಬಸ್ಸಿನಲ್ಲಿ ಶುರು ಮಾಡಿದೆ. "ಅಪ್ಪಾ, ನಾನೂ ನೋಡಿದೆನಲ್ಲ" ಅಂದಳು ಮಗಳು. ಮನೆಗೆ ಬಂದು ಈ ಡೈರಿ ತೆಗೆದೆ.

ನೀನಾದರೂ ಕೇಳಿಲ್ಲಿ ಕಣೇ. ಗಾಳಿ ನಿಂತಿತು. ಊರೆಲ್ಲ ನೆಲಸಮ. ಗಂಡ ಬಿದ್ದ ಗೋಡೆಗಳ ನಡುವೆ ನಿಂತು ಹೆಂಡತಿಯ ಹೆಸರು ಕೂಗಿದ. ಸಿನಿಮಾ ನೋಡು, ಕೂಗಿದ ತಕ್ಷಣ ಓಗೊಟ್ಟಳು.