ಡ್ರಾಯರಿನಲ್ಲಿದ್ದ ತೋಟಾ

9 ಆಗಸ್ಟ್ 1993, ಆಲುವ
ಇವತ್ತೂ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ. ನಿಂತವರು ನಿಂತೇ ಇದ್ದರು. ತೊಡೆಯ ಮೇಲೆ ಕೋವಿ ಇದ್ದರೆ ನಾನು ಸಿಡುಬು ಎದ್ದವನ ಸಮಾನ. ನಾನು ಕಾವಲಿರುವ ಬ್ಯಾಂಕಿನ ಎದುರು ಚಹಾ ಅಂಗಡಿಯ ಶಂಕರನಾರಾಯಣ ಒಬ್ಬನೇ ಹತ್ತಿರ ಬರುವುದು. ದಿನಾ ಅದೇ ಪ್ರಶ್ನೆ — "ಇದು ಪೊಟ್ಟುಮೋ ಚೇಟ್ಟಾ?" ಹಾರುತ್ತದೆಯೇ ಅಣ್ಣಾ ಅಂತ. ಸಮಯ ಬರಲಿ, ನೋಡು ಅಂದೆ.
ಏನು ಹಾರುತ್ತದೆ, ಮಣ್ಣು. ನನ್ನ ತೋಟಾಗಳೆಲ್ಲ ಮ್ಯಾನೇಜರ್ ಶ್ರೀಪತಿಯವರ ಡ್ರಾಯರಿನಲ್ಲಿ.

12 ಆಗಸ್ಟ್
ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಕುಡುಕ ನಳಿಕೆಗೆ ಕೈ ಹಾಕಿ ಎಳೆದ. ಆಟದ ಕೋವಿ ಅಂದ. ಜನ ನಕ್ಕರು. ಅವನ ಬೆರಳು ಹಿಂದಕ್ಕೆ ಬಗ್ಗಿಸಿದೆ... ಲಟ್ ಅಂತು. ನಗು ನಿಂತಿತು. ಸುಳ್ಳೇಕೆ, ಖುಷಿಯಾಯಿತು.
ಶಂಕರನ್ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಕಥೆ ಹೇಳಿದ. ಪಟ್ಟಾಳಂ ಚೇಟ್ಟ, ಅಂದರೆ ಮಿಲಿಟರಿ ಅಣ್ಣ, ಇರುವಾಗ ನಮಗೆ ಹೆದರಿಕೆ ಇಲ್ಲವಂತೆ. ಇವತ್ತು ಚಹಾಕ್ಕೆ ಕಾಸು ಮುಟ್ಟಲಿಲ್ಲ.

20 ಆಗಸ್ಟ್
ಓಣಂ ರಷ್. ಕ್ಯಾಶ್ ಜಾಸ್ತಿ. ಎರಡೇ ಎರಡು ತೋಟಾ ಕೊಡಿ ಸಾರ್ ಅಂತ ಶ್ರೀಪತಿಯವರನ್ನು ಕೇಳಿದೆ.
"ಬೇಡ ಉತ್ತಯ್ಯ. ಹೋದ ವರ್ಷ ನಮ್ಮ ಇನ್ನೊಂದು ಬ್ರಾಂಚ್‌ನಲ್ಲಿ ಗಾರ್ಡ್ ಕೈ ತಪ್ಪಿ ಕಸ್ಟಮರ್ ಕಾಲು ಹೋಯ್ತು. ಜನ ಕೋವಿ ನೋಡಿದ್ರೆ ಸಾಕು ಕಣ್ರೀ. ಒಳಗೇನಿದೆ ಅಂತ ಯಾರು ಬಗ್ಗಿ ನೋಡ್ತಾರೆ?"
ಮೈಸೂರಿನವರು. ನಯವಾಗಿಯೇ ಹೇಳಿದರು. ಕೊಡಗಿನವನು ನಾನು, ಖಾಲಿ ಕೋವಿ ಹೊತ್ತು ಹೊರಗೆ ಬಂದೆ. ನಾಚಿಕೆಗೇಡು.

27 ಆಗಸ್ಟ್
ಎರಡು ದಿನ ಬರೆಯಲಿಲ್ಲ.
ಬುಧವಾರ ಹಣದ ಪೆಟ್ಟಿಗೆ ಜೀಪಿಗೆ ಏರಿಸುವಾಗ ಇಬ್ಬರು ನುಗ್ಗಿದರು. ಇಬ್ಬರ ಕೈಯಲ್ಲೂ ಮಚ್ಚು. ಡ್ರೈವರನ ಭುಜಕ್ಕೆ ಒಂದೇಟು. ನಾನು ಕೋವಿ ಎತ್ತಿದೆ — ಇಬ್ಬರೂ ನಿಂತರು. ಶ್ರೀಪತಿ ಹೇಳಿದ್ದೇ ಸರಿ ಅಂದುಕೊಂಡೆ.
ಅಷ್ಟರಲ್ಲಿ ಶಂಕರನ್ ಓಡಿಬಂದು ಒಬ್ಬನನ್ನು ಹಿಂದಿನಿಂದ ತಬ್ಬಿ ಹಿಡಿದ. ನನ್ನ ಕೋವಿ ನಂಬಿಕೊಂಡು ಬಂದ.
"ವೆಡಿ ವೆಕ್ಕ್ ಚೇಟ್ಟಾ," ಅಂದ. ಹೊಡಿ ಅಂತ.
ಇನ್ನೊಬ್ಬ ಅವನತ್ತ ಮಚ್ಚು ಎತ್ತಿದ. ಖಾಲಿ ಅಂತ ಗೊತ್ತಿದ್ದೂ ಟ್ರಿಗರ್ ಎಳೆದೆ. ಟಕ್.
ಮಚ್ಚು ಶಂಕರನ ಕುತ್ತಿಗೆಯ ಬುಡಕ್ಕೆ ಇಳಿಯಿತು. ಇನ್ನೊಂದೇಟು ಹೊಟ್ಟೆಗೆ. ಕೋವಿ ತಿರುಗಿಸಿ ಹಿಡಿಯಿಂದ ಬಡಿದೆ. ಕೊಂದವನ ದವಡೆ ಮುರಿಯಿತು. ಬಿದ್ದ ಮೇಲೂ ಬಡಿದೆ. ಜನ ಎಳೆದು ಬಿಡಿಸಿದರು. ಶಂಕರನ್ ಹಿಡಿದಿದ್ದವನು ಓಡಿದ.
ಕೊಂದವನು ಅಂತ ಬರೆದಿದ್ದೇನೆ... ಶಂಕರನ್ ಇನ್ನೂ ಇದ್ದಾನೆ. ಆಸ್ಪತ್ರೆಯಲ್ಲಿ ನನ್ನನ್ನು ಕಂಡು ತುಟಿ ಅಲ್ಲಾಡಿಸಿದ. "ಪೊಟ್ಟಿಯಿಲ್ಲಲ್ಲೋ." ಹಾರಲಿಲ್ಲವಲ್ಲ ಅಂತ.
ಜಾಮ್ ಆಯಿತು ಅಂದೆ. ಅದನ್ನೂ ನಂಬಿದ.

28 ಆಗಸ್ಟ್, ಸಂಜೆ
ಶಂಕರನ್ ಬೆಳಿಗ್ಗೆ ಹೋದ.
ಶ್ರೀಪತಿಯವರೇ ಡ್ರಾಯರ್ ತೆಗೆದು ತೋಟಾ ಕೊಟ್ಟರು. "ಇನ್ಮೇಲೆ ನಿಮ್ಮ ಹತ್ರಾನೇ ಇರ್ಲಿ. ಪೊಲೀಸ್ ಕೇಳಿದ್ರೆ ಮೊದಲಿಂದ್ಲೂ ಇತ್ತು ಅನ್ನಿ." ತಲೆ ಎತ್ತಲಿಲ್ಲ.
ನಮ್ಮ ಕೊಡಗಿನಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುತ್ತೇವೆ. ಎರಡೂ ನಳಿಕೆ ತುಂಬಿಕೊಂಡು ಅವನ ಮನೆಗೆ ಹೋದೆ. ಕೋವಿ ಕಂಡು ಜನ ದಾರಿ ಬಿಟ್ಟರು, ಎಂದಿನಂತೆ. ಅವನ ಹೆಂಡತಿ ಕಲ್ಯಾಣಿ ಮಾತ್ರ ಸರಿಯಲಿಲ್ಲ. ನಳಿಕೆ ನೋಡಿ ಕೇಳಿದಳು — "ಈಗ ಪೊಟ್ಟುಮೋ?"
ಆಕಾಶಕ್ಕೆ ಒಂದು ಹಾರಿಸಿದೆ. ಹೆಂಗಸರು ಚೀರಿದರು. ಎರಡನೆಯದು ಹಾರಿಸಲಿಲ್ಲ. ಉಳಿಸಿಕೊಂಡು ಬಂದೆ.
ನನ್ನ ಕೋಣೆಯ ಎದುರು ಬೀದಿಯಲ್ಲೇ ಶ್ರೀಪತಿಯವರ ಮನೆ. ದೀಪ ಹಾಕಿದ್ದಾರೆ. ಕೋವಿ ಈಗ ಖಾಲಿ ಇಲ್ಲ. ನಾನು ಅವರ ಬಾಗಿಲು ತಟ್ಟಲು ಹೊರಟೆ.