ಪುಕ್ಕಟೆ ವಂಶವೃಕ್ಷ

ಅಟ್-ಬಾಶಿ,
ಮಾರ್ಚ್ 12, ಮಂಗಳವಾರ

ಅಕ್ಕನ ಮಗಳು, ನನ್ನ ಕಣ್ಮಣಿ ಬೆಗಾಯಿಮ್‌ಗೆ,

ಹೇಗಿದ್ದೀಯ ಮಗಳೇ? ಕರಾಕೋಲ್‌ನ ಚಳಿಗೆ ಹಿಡಿದ ಕೆಮ್ಮು ಕಡಿಮೆಯಾಯಿತೇ? ಕುರಿಬಾಲದ ಕೊಬ್ಬು ಕಳಿಸಿದ್ದೇನೆ, ಬಿಸಿ ಚಹಾಕ್ಕೆ ಹಾಕಿಕೊಂಡು ಕುಡಿ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ನನ್ನ ವಯಸ್ಸಿನವರಲ್ಲಿ ಎಲ್ಲ ಹಲ್ಲೂ ಉಳಿದಿರುವ ಗಂಡಸು ಈ ಊರಲ್ಲಿ ನಾನೊಬ್ಬನೇ. ಆದರೆ ಇದನ್ನು ಅವಸರದಲ್ಲಿ ಗೀಚುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ನಗಬೇಡ.

ಕಳೆದ ತಿಂಗಳು ಪಕ್ಕದ ಮನೆಯ ಮುದುಕ ಸಾಗಿನ್, "ನಿಂಗೆಲ್ಲಿ ಬರುತ್ತೋ ಏಳು ತಲೆಮಾರಿನ ಅಪ್ಪಂದಿರ ಹೆಸರು? ಐದಕ್ಕೇ ಉಸಿರು ನಿಲ್ಲುತ್ತೆ" ಎಂದು ಹಂಗಿಸಿದ. ನನ್ನನ್ನು! ಫೋನಿನಲ್ಲಿ ವಂಶವೃಕ್ಷ ಬರೆದುಕೊಡುವ ಪುಕ್ಕಟೆ ತಾಣವೊಂದಿತ್ತು. ಒಂದು ಸೋಮ್ ದುಡ್ಡೂ ಬಿಚ್ಚದೆ ಹನ್ನೊಂದು ತಲೆಮಾರು ತುಂಬಿಸಿದೆ. ಆಮೇಲೆ ಅದು ಕೇಳಿತು: ಬದುಕಿರುವವರು ಯಾರು, ಯಾವ ಊರು, ಏನು ಕೆಲಸ. ಮನೆಗೆ ಬಂದವರನ್ನು ನಾವು ಮೊದಲು ಕೇಳುವುದೂ ಇದನ್ನೇ ಅಲ್ಲವೇ? ಕೇಳಿದವರಿಗೆ ಹೇಳುವ ಹಾಗೆ ಹೇಳಿಬಿಟ್ಟೆ. ನಿನ್ನ ಹೊಲಿಗೆ ಅಂಗಡಿಯನ್ನೂ, ಬೀದಿ ಸಮೇತ.

ನಿನ್ನೆ ಸಂತೆಯಲ್ಲಿ ಕುಬಾತನ ತಾಯಿ ಎದುರಾದಳು. ಮದುವೆಯಾಗುತ್ತೇನೆಂದು ನಿನ್ನನ್ನು ಕಾರಿಗೆ ಎಳೆದು ಹಾಕಿದ್ದನಲ್ಲ, ನೀನು ಹಾರಿ ತಪ್ಪಿಸಿಕೊಂಡೆಯಲ್ಲ, ಆ ಕುಬಾತ. "ನಿಮ್ಮ ಹುಡುಗಿ ಕರಾಕೋಲ್ ಪೋಸ್ಟಾಫೀಸಿನ ಹಿಂದಿನ ಬೀದೀಲಿ ಹೊಲಿಗೆ ಹಾಕ್ತಾಳಂತೆ. ಒಳ್ಳೇದಾಯ್ತು ಬಿಡಿ, ನಮ್ಮನೇಲೂ ಹರಿದಿದ್ದು ಬೇಕಾದಷ್ಟಿದೆ" ಎಂದು ನಕ್ಕಳು. ಆ ಬೀದಿಯನ್ನು ನಾನು ಬರೆದದ್ದು ಆ ಮರದಲ್ಲಿ ಮಾತ್ರ.

ಫೋನು ಹಿಡಿದು ಶಾಲೆಯ ಟೀಚರ್ ಗುಲ್ಸಾರಾ ಬಳಿ ಓಡಿದೆ. "ಅಲ್ಲಣ್ಣ, ದುಡ್ಡಿಲ್ದೆ ಮರ ಬರ್ಕೊಡ್ತಾರೆ ಅಂದ್ರೆ ಅದಕ್ಕೆ ನೀರು ಹಾಕೋರ್ಯಾರು ಅಂತ ಯೋಚಿಸ್ಲಿಲ್ವಾ?" ಎಂದಳು. ಕೆಲಸದವರ ಸಂಬಳ, ಯಂತ್ರಗಳ ಖರ್ಚು ಒಂದಿಷ್ಟು ಜಾಹೀರಾತಿನಿಂದ ಹುಟ್ಟುತ್ತದಂತೆ. ಮಿಕ್ಕಿದ್ದು, ನನ್ನಂಥವರು ತುಂಬಿಸಿದ್ದನ್ನು ಹಣ ಕೊಟ್ಟವರಿಗೆ ತೆರೆದು ತೋರಿಸುವುದರಿಂದ. ಅವರ ಸಂತೆಗೆ ನಾನೇ ನಿನ್ನನ್ನು ಹಗ್ಗ ಹಿಡಿದು ಒಯ್ದಿದ್ದೇನೆ ಮಗಳೇ. ನಿನ್ನ ಹೆಸರು ಅಳಿಸಿದೆ. ಕೊಂಡವನ ತಲೆಯಿಂದ ಅಳಿಸುವುದು ಹೇಗೆ?

ನನ್ನ ಬಾಯಿ ಸುಮ್ಮನಿರದು, ನಿನ್ನ ಹೊಸ ನಂಬರು ನನಗೆ ಕೊಡಬೇಡ ಎಂದು ನಾನೇ ಹೇಳಿದ್ದೆ. ಹಾಗಾಗಿ ಈ ಕಾಗದವನ್ನು ಕಂಬಳಿ ವ್ಯಾಪಾರದ ಜೂರಾ ಕೈಲಿ ಕಳಿಸುತ್ತಿದ್ದೇನೆ. ನಿನ್ನ ಹಾದಿ ಬೆಳ್ಳಗಿರಲಿ.

ನಿನ್ನ ಸೋದರಮಾವ,
ತೊಕ್ತೊಸುನ್

ತಾ.ಕ.: ಜೂರಾ ಗಾಡಿ ಹತ್ತುತ್ತಿದ್ದಾಳೆ. ಕುಬಾತ ಇಬ್ಬರು ಅಣ್ಣಂದಿರೊಡನೆ ನಮ್ಮೂರ ಪೆಟ್ರೋಲ್ ಬಂಕಿನಲ್ಲಿ ಕರಾಕೋಲ್‌ಗೆಂದು ಕಾರು ತುಂಬಿಸುತ್ತ ನಿಂತಿದ್ದಾನಂತೆ. ಏನನ್ನೂ ಕಟ್ಟಿಕೊಳ್ಳುತ್ತ ಕೂರಬೇಡ, ಅವಳ ಜೊತೆಯೇ ಹಿಂಬಾಗಿಲಿನಿಂದ ಹೊರಡು, ಎಲ್ಲಿಗೆಂದು ನನಗೂ ತಿಳಿಸಬೇಡ. ಮಾವ ತೊಕ್ತೊಸುನ್ ಕಳಿಸಿದ್ದಾನೆ ಎಂದು ಬೇರೆ ಯಾರು ಬಾಗಿಲು ತಟ್ಟಿದರೂ ತೆಗೆಯಬೇಡ. ನನ್ನ ಹೆಸರೂ ಆ ಮರದಲ್ಲಿದೆ.