ನಿಮ್ಮ ತುಟಿ, ನನ್ನ ಹಾಡು

ದಾದರ್, ಮುಂಬಯಿ
ಗುರುವಾರ, ಫೆಬ್ರವರಿ 1957

ಮಾನ್ಯ ಸತ್ಯಮೂರ್ತಿಗಳಿಗೆ ವಿನೋದಿನಿಯ ನಮಸ್ಕಾರ.

ನಾವೆಲ್ಲ ಕ್ಷೇಮ. ನೀವು ಕ್ಷೇಮವೇ ಎಂದು ಕೇಳುವುದು ರೂಢಿ. ಆದರೆ ನಿನ್ನೆ ಸಂಜೆ ನಮ್ಮ ಚಾಳಿನ ಮೆಟ್ಟಿಲಿಳಿದು ಹೋಗುವಾಗ ನಿಮ್ಮ ಮುಖ ನೋಡಿದವಳು ಹಾಗೆ ಕೇಳಿದರೆ ಕುಚೋದ್ಯವಾದೀತು. ನೀವು ಬಂದ ಕೆಲಸಕ್ಕೆ ಉತ್ತರ ಕೊಡದೆ ಬರೀ ಕಾಫಿ ಕೊಟ್ಟು ಕಳಿಸಿದೆ. ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಆಗುವುದಿಲ್ಲ. ಅಷ್ಟು ಸಾಕೆನಿಸಿದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಬಹುದು. ಆದರೆ ನೀವು ನಿಲ್ಲಿಸುವವರಲ್ಲ. ನನ್ನ ಪ್ರತಿ ಹಾಡಿನ ಕೊನೆಯ ಅಕ್ಷರದವರೆಗೂ ತುಟಿ ಆಡಿಸಿದವರು ನೀವು.

"ಒಂದೇ ಒಂದು ಸಾಲು ಬರೆದುಕೊಟ್ಟುಬಿಡಿ ವಿನೋದಿನಮ್ಮ, ನನ್ನ ಮಾನ ಉಳಿಯತ್ತೆ" ಅಂದಿರಿ. ಆ ಸಾಲು ಏನಿರಬೇಕೆಂದು ನಿಮ್ಮ ನಾಟಕ ಸಂಘದ ಕಮಿಟಿಯವರು ಆಗಲೇ ತೀರ್ಮಾನಿಸಿ ನಿಮ್ಮ ಬಾಯಲ್ಲಿ ಹೇಳಿ ಕಳಿಸಿದ್ದರು. ಬಹುಮಾನ ಸಮಾರಂಭದ ದಿನ ಮೂರ್ತಿಗಳ ಗಂಟಲು ಕಟ್ಟಿತ್ತು, ಅದೊಂದು ದಿನದ ಮಟ್ಟಿಗೆ ನಾನು ಪರದೆಯ ಹಿಂದೆ ಹಾಡಿದೆ, ತಿಳಿಯದೆ ರಂಗದ ಮೇಲೆ ಬಂದುಬಿಟ್ಟೆ, ಹಿರಿಯರು ಕ್ಷಮಿಸಬೇಕು. ಹೀಗೆ ಬರೆದುಕೊಟ್ಟರೆ ಪರದೆಯ ಹಿಂದಿನ ಜಾಗ ನನಗೇ ಇರುತ್ತದೆ. ಇಲ್ಲವಾದರೆ ಸಂಘದ ಬಾಗಿಲು ನನಗೆ ಮುಚ್ಚಿದಂತೆ. ಸುಳ್ಳು ಹೇಳಿದವರು ಅವರು, ಕ್ಷಮೆ ಕೇಳಬೇಕಾದವಳು ನಾನು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆಯುವುದು ಅಂದರೆ ಇದೇ ಅಲ್ಲವೇ?

ನೀವು ನನ್ನ ಹಾಡು ಮೊದಲು ಕೇಳಿದ್ದು ನಮ್ಮ ಚಾಳಿನ ನವರಾತ್ರಿ ಭಜನೆಯಲ್ಲಿ. ಹೆಂಗಸರು ಕೋಣೆಯೊಳಗೆ, ಗಂಡಸರು ಹೊರಗಿನ ಗ್ಯಾಲರಿಯಲ್ಲಿ. ನನ್ನ ಗಂಡ ಫೋರ್ಟಿನ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವವರು, ನೀವು ಅಲ್ಲೇ ಹತ್ತಿರದ ವಿಮಾ ಕಚೇರಿಯ ಗುಮಾಸ್ತರು, ದಿನಾ ಕಾಫಿಗೆ ಬರುವ ಗಿರಾಕಿ. ಪ್ರಸಾದಕ್ಕೆಂದು ಅವರೇ ನಿಮ್ಮನ್ನು ಕರೆತಂದಿದ್ದರು. ಎಲ್ಲರೂ ಹೋದ ಮೇಲೂ ನೀವು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದಿರಿ. ಹಾಡಿದವರು ಯಾರು ಎಂದು ಕೇಳಿದಿರಿ. ಅತ್ತೆ ನನ್ನತ್ತ ಬೊಟ್ಟು ಮಾಡಿದರು. ನೀವು ಕೈಮುಗಿದಿರಿ. ಈ ಊರಿಗೆ ಬಂದಂದಿನಿಂದ ನನಗೆ ಕೈಮುಗಿದ ಮೊದಲ ಗಂಡಸು ನೀವು. ಅದನ್ನು ನಾನು ಮರೆಯುವುದಿಲ್ಲ.

ಆಮೇಲೆ ಒಂದು ಭಾನುವಾರ ಬಂದು ನಿಮ್ಮ ಕಥೆ ಹೇಳಿಕೊಂಡಿರಿ. ಮೈಸೂರು ಕಡೆಯ ನಾಟಕ ಕಂಪನಿಯಲ್ಲಿ ಹುಡುಗನಾಗಿದ್ದಾಗ ಸ್ತ್ರೀ ಪಾತ್ರ ಮಾಡಿ ಹಾಡುತ್ತಿದ್ದದ್ದು, ಮೀಸೆ ಮೂಡುವ ಹೊತ್ತಿಗೆ ಕಂಠ ಒಡೆದದ್ದು, ಕಂಪನಿಯವರು ಕೈಬಿಟ್ಟದ್ದು. "ರಾಣಿ ಥರ ನಡೆಯಕ್ಕೆ ಬರತ್ತಮ್ಮ, ಮಾತಾಡಕ್ಕೂ ಬರತ್ತೆ. ಹಾಡಕ್ಕೆ ಮಾತ್ರ ಆಗಲ್ಲ" ಎಂದಾಗ ನಿಮ್ಮ ಕಣ್ಣು ಒದ್ದೆಯಾಗಿತ್ತು. ನನಗೆ ಪಾಪ ಅನ್ನಿಸಿತು. ಅದರ ಜೊತೆಗೆ ಆಸೆಯೂ ಆಯಿತು, ಸುಳ್ಳೇಕೆ ಹೇಳಲಿ. ಮನೆತನದ ಹೆಂಗಸರು ಬಣ್ಣ ಹಚ್ಚಬಾರದೆಂದು ನಿಮ್ಮ ಸಂಘದ ಕಟ್ಟಳೆ. ರಂಗದ ಮೇಲೆ ರಾಣಿಯಾಗಿ ನೀವು, ಪರದೆಯ ಹಿಂದೆ ಹಾಡಲು ನಾನು ಎಂದಿರಿ. ಬಣ್ಣ ಹಚ್ಚದೆ, ಯಾರ ಕಣ್ಣಿಗೂ ಬೀಳದೆ, ತುಂಬಿದ ಸಭೆಗೆ ಹಾಡಬಹುದು ಎಂದರೆ ಯಾರು ಬೇಡವೆನ್ನುತ್ತಾರೆ? ನನ್ನ ಗಂಡ ಕೂಡ ಒಪ್ಪಿದರು. "ಸ್ವರ ಹೋಗುವುದಾದ್ರೆ ಹೋಗ್ಲಿ ಮಾರಾಯ್ತಿ, ಮೋರೆ ಮಾತ್ರ ಬೇಡ. ನಾಳೆ ನಾನು ಗಲ್ಲಾದಲ್ಲಿ ಕೂತ್ರೆ ಗಿರಾಕಿಗಳು ಎಂತ ಹೇಳ್ಲಿಕ್ಕಿಲ್ಲ?" ಎಂದರು. ಆಗ ನನಗೂ ಅದು ಸರಿಯೆಂದೇ ತೋರಿತು.

ನಮ್ಮ ಆ ಕೆಲಸವನ್ನು ಯಾರೂ ಹಗುರ ಮಾಡಿ ಮಾತಾಡಬಾರದು. ರಂಗದ ಪಕ್ಕದ ಬಣ್ಣದ ರಟ್ಟಿನ ಮರದ ಹಿಂದೆ ಮೈಕು, ಮೈಕಿನ ಮುಂದೆ ನಾನು, ಪಕ್ಕದಲ್ಲಿ ಅಣ್ಣು ಮಾಸ್ತರರ ಹಾರ್ಮೋನಿಯಂ. ಕಂಠ ಎಲ್ಲಿಂದ ಬರುತ್ತದೆಂದು ಸಭೆಗೆ ತಿಳಿಯುವಂತಿರಲಿಲ್ಲ. ಆದರೆ ಹಾಡುವವರಿಗೆ ಉಸಿರು ಬೇಕಲ್ಲ? ನಾನು ಉಸಿರು ತೆಗೆದುಕೊಳ್ಳುವ ಜಾಗ ಯಾವುದೆಂದು ನಮ್ಮ ಕೋಣೆಯಲ್ಲಿ ಕೂತು ಎಷ್ಟೋ ಸಂಜೆ ನೋಡಿ ಕಲಿತಿರಿ. ಸರಿಯಾಗಿ ಆ ಜಾಗದಲ್ಲಿ ನೀವು ಸೆರಗು ಸರಿಪಡಿಸಿಕೊಳ್ಳುತ್ತಿದ್ದಿರಿ. ಸಭೆ ಅದನ್ನು ರಾಣಿಯ ಲಜ್ಜೆ ಎಂದು ತಿಳಿದು ತಲೆದೂಗುತ್ತಿತ್ತು. ಒಂದು ವರ್ಷ ನೆಗಡಿಯಾಗಿ ವಿರಹದ ಹಾಡಿನ ನಡುವೆ ನಾನು ಮೈಕಿನಲ್ಲೇ ಸೀನಿಬಿಟ್ಟೆ. ನೀವು ತಡಮಾಡದೆ ಮೂಗಿಗೆ ಸೆರಗು ಹಿಡಿದು, ಸಖಿಯ ಹೆಗಲಿಗೆ ಒರಗಿ, ಹೂವಿನ ಪರಾಗ ಮೂಗಿಗೆ ಹೋದವಳಂತೆ ಅಭಿನಯಿಸಿದಿರಿ. ಚಪ್ಪಾಳೆ ಬಿತ್ತು. ಸೀನಿದವಳು ನಾನು, ಚಪ್ಪಾಳೆ ನಿಮಗೆ. ಆವತ್ತು ಇಬ್ಬರೂ ಪರದೆಯ ಹಿಂದೆ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಕರಪತ್ರದಲ್ಲಿ ಎಲ್ಲರ ಹೆಸರೂ ಬರುತ್ತಿತ್ತು. ಪರದೆ ಎಳೆಯುವವರ ಹೆಸರು, ವಿಗ್ಗು ಕೊಟ್ಟ ಅಂಗಡಿಯ ಹೆಸರು, ಉಪಾಹಾರ ಒದಗಿಸಿದ ಹೋಟೆಲಿನ ಹೆಸರು. ನನ್ನದು ಮಾತ್ರ ಇಲ್ಲ. ಒಂದು ಸಲ ಕೇಳಿದ್ದೆ, ನೆನಪಿದೆಯೇ? "ಹಾಕಿದ್ರೆ ಗುಟ್ಟು ರಟ್ಟಾಗತ್ತಲ್ಲಮ್ಮ" ಅಂದಿರಿ. ಒಪ್ಪಿಕೊಂಡೆ. ಹೂವಿನೊಂದಿಗೆ ನಾರೂ ಸ್ವರ್ಗಕ್ಕೆ ಹೋಗುತ್ತದಂತೆ. ನಮ್ಮಲ್ಲಿ ಹೂವು ಯಾರು, ನಾರು ಯಾರು ಎಂದು ಕೇಳುವ ಬುದ್ಧಿ ಆಗ ನನಗಿರಲಿಲ್ಲ.

ಈಗ ಆ ದಿನಕ್ಕೆ ಬರುತ್ತೇನೆ. ಮುಂಬಯಿಯ ಕನ್ನಡ ನಾಟಕ ಮಂಡಳಿಗಳೆಲ್ಲ ಸೇರಿ ನಡೆಸುವ ವರ್ಷದ ಬಹುಮಾನ ಸಮಾರಂಭ. ಸಭಾಗೃಹ ಕಿಕ್ಕಿರಿದಿತ್ತು. ಬಹುಮಾನ ಪಡೆದವರು ತಮ್ಮ ಪಾತ್ರದ ವೇಷದಲ್ಲೇ ಬಂದು ಆ ನಾಟಕದ ಒಂದು ಹಾಡು ಹಾಡಬೇಕೆಂಬುದು ಅಲ್ಲಿಯ ಪದ್ಧತಿ. ನಮಗಿಂತ ಮೊದಲು ಮೂರು ಮಂಡಳಿಯವರು ಹಾಡಿದರು. ಒಬ್ಬರ ತಬಲಾ ಕೈಕೊಟ್ಟಿತು, ಇನ್ನೊಬ್ಬರ ಹಾಡು ಚೆನ್ನಾಗಿತ್ತು. ಆಮೇಲೆ ನಿಮ್ಮನ್ನು ಕರೆದರು. 'ಹೇಮರೇಖಾ ಪರಿಣಯ'ದ ರಾಣಿಗೆ ಶ್ರೇಷ್ಠ ಸ್ತ್ರೀ ಪಾತ್ರದ ಪದಕ. ನಿಮ್ಮ ಸಂಘದ ಅಧ್ಯಕ್ಷರು ಬಸವಂತಪ್ಪನವರು ಪದಕವನ್ನು ಎಲ್ಲಿ ಚುಚ್ಚುವುದೆಂದು ತಿಳಿಯದೆ ನಿಮ್ಮ ಸೆರಗಿನ ಮುಂದೆ ಕೈ ಆಡಿಸುತ್ತ ನಿಂತದ್ದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಆ ಪದಕಕ್ಕೆ ಪರದೆಯ ಹಿಂದೆ ನಾನೂ ಚಪ್ಪಾಳೆ ಹೊಡೆದೆ. ಅದು ನಿಮ್ಮದೇ. ಅದನ್ನು ನಿಮ್ಮಿಂದ ಕಿತ್ತುಕೊಳ್ಳುವ ಹಕ್ಕು ಯಾರಿಗೂ ಇಲ್ಲ.

ಆಮೇಲೆ ಎರಡನೆಯ ಪದಕ ಬಂತು. ಶ್ರೇಷ್ಠ ಗಾಯನಕ್ಕೆ. ಅದನ್ನೂ ನಿಮಗೇ ಚುಚ್ಚಿದರು. ನಾನು ವೇಷಭೂಷಣದ ಟ್ರಂಕಿನ ಮೇಲೆ ಕೂತಿದ್ದೆ. ನೀವು ಒಂದು ಸಲವಾದರೂ ಈ ಕಡೆ ನೋಡುತ್ತೀರೆಂದು ಕಾದೆ. ನೋಡಲಿಲ್ಲ. ಹೋಗಲಿ ಬಿಡು ಎಂದುಕೊಂಡೆ. ಅಷ್ಟರಲ್ಲಿ ಬಸವಂತಪ್ಪನವರು ಮೈಕಿನ ಮುಂದೆ ಬಂದರು. ಹಾಡುವವಳು ಯಾರೆಂದು ಚೆನ್ನಾಗಿ ಗೊತ್ತಿದ್ದ ಮನುಷ್ಯ. ನಮ್ಮ ಕೋಣೆಯಲ್ಲಿ ಕೂತು ನೀರುದೋಸೆ ತಿಂದು, ನನ್ನ ಅಭ್ಯಾಸ ಕೇಳಿ ಹೋದವರು. ಅವರು ಸಭೆಗೆ ಹೇಳಿದರು, "ನಮ್ಮ ಮೂರ್ತಿಯವರ ದನಿ ಅಂದ್ರ ಏನ್ ಹೇಳ್ಲಿ! ಹುಟ್ಟಾ ಹೆಂಗಸ್ರಿಗೂ ಇಂಥಾ ದನಿ ದೇವರು ಕೊಟ್ಟಿಲ್ರೀ!" ಹೆಂಗಸರ ಸಾಲಿನಿಂದಲೂ ಚಪ್ಪಾಳೆ ಬಿತ್ತು. ನೀವು ತಲೆ ಬಾಗಿಸಿ ಕೈಮುಗಿದಿರಿ.

ನನಗೆ ಸಿಟ್ಟು ಬಂತು. ನೆತ್ತಿಗೇರುವಂಥ ಸಿಟ್ಟು. ಆದರೂ ನಾನು ಕೆಲಸ ಕೆಡಿಸಲಿಲ್ಲ. ಮೈಕಿನ ಮುಂದೆ ನಿಂತು ಎಂದಿನಂತೆ ಹಾಡಿದೆ, ನೀವು ಎಂದಿನಂತೆ ಸೆರಗು ಸರಿಪಡಿಸಿದಿರಿ. ಹಾಡು ಮುಗಿದದ್ದೇ ತಡ, ಸಭೆ 'ವನ್ಸ್ ಮೋರ್' ಎಂದು ಕೂಗಿತು. ಕೂಗಿದರೆ ಮೊದಲಿನಿಂದ ಮತ್ತೆ ಹಾಡಬೇಕು, ಅದು ನಾಟಕದವರ ಧರ್ಮ. ನೀವು ತೋಳಿನ ವಂಕಿ ಮುಟ್ಟಿ ನನಗೆ ಸನ್ನೆ ಮಾಡಿದಿರಿ. ಅಣ್ಣು ಮಾಸ್ತರರು ಶ್ರುತಿ ಹಿಡಿದರು. ಅವರು ಮತ್ತೆ ಬೇಕೆಂದು ಕೂಗಿದ್ದು ಯಾವುದನ್ನು? ನನ್ನ ಹಾಡನ್ನು. ಹಾಗಾದರೆ ಕೇಳಿದವರ ಎದುರಿಗೇ ನಿಂತು ಕೊಡೋಣ ಎಂದು ಮರದ ಹಿಂದಿನಿಂದ ಹೊರಗೆ ಬಂದೆ.

ಉಟ್ಟದ್ದು ಮನೆಯ ನೂಲಿನ ಸೀರೆ, ಬರಿಗಾಲು, ತಲೆಗೆ ಬೆಳಗ್ಗೆ ಹಾಕಿದ ಕೊಬ್ಬರಿ ಎಣ್ಣೆ. ದೀಪದ ಬೆಳಕು ಕಣ್ಣಿಗೆ ಹೊಡೆದು ಸಭೆ ಕಾಣಲೇ ಇಲ್ಲ. ಹಾರ್ಮೋನಿಯಂ ಗಕ್ಕನೆ ನಿಂತಿತು. ಕಂಠ ನಡುಗಲಿಲ್ಲ. ಮೈಕಿಲ್ಲದೆ, ಶ್ರುತಿಯಿಲ್ಲದೆ ಪಲ್ಲವಿ ಎತ್ತಿದೆ. ಪಕ್ಕಕ್ಕೆ ಕಣ್ಣು ಹೊರಳಿಸಿದರೆ ನೀವು ಇನ್ನೂ ತುಟಿ ಆಡಿಸುತ್ತಿದ್ದಿರಿ. ಮೊದಲ ಸಾಲು ಪೂರ್ತಿ ಆಡಿಸಿದಿರಿ. ಆಮೇಲೆ ನಿಮ್ಮ ಬಾಯಿ ಮೆಲ್ಲಗೆ ಮುಚ್ಚಿಕೊಂಡಿತು. ಅದನ್ನು ನೆನೆದರೆ ಈಗಲೂ ನಿಮಗಾಗಿ ಮರುಗುತ್ತೇನೆ. ಆದರೂ ನಾನು ನಿಲ್ಲಿಸಲಿಲ್ಲ ಮೂರ್ತಿಗಳೇ. ನಾಳೆ ಮತ್ತೆ ಅಂಥ ಸಂದರ್ಭ ಬಂದರೂ ನಿಲ್ಲಿಸುವುದಿಲ್ಲ.

ಮುಂದಿನದು ನಿಮಗೆ ಗೊತ್ತು. ಕೆಲವರು ಸಿಳ್ಳೆ ಹೊಡೆದರು, ಕೆಲವರು ಎದ್ದು ಹೋದರು, 'ಇಳೀ ಕೆಳಗೆ' ಎಂದು ಒಬ್ಬ ಕೂಗಿದ. ಎರಡನೆಯ ಚರಣದಲ್ಲಿ ಅಣ್ಣು ಮಾಸ್ತರರು ಹಾರ್ಮೋನಿಯಂ ಮತ್ತೆ ಹಿಡಿದರು. ಅವರಿಗೆ ದೇವರು ಒಳ್ಳೆಯದು ಮಾಡಲಿ. ಹಾಡು ಮುಗಿದಾಗ ಹೆಂಗಸರ ಸಾಲಿನಿಂದ ಚಪ್ಪಾಳೆ ಬಂತು, ಮೊದಲಿನಷ್ಟು ಜೋರಾಗಿ ಅಲ್ಲ, ಆದರೆ ಬಹಳ ಹೊತ್ತು. ನೀವು ಆಗಲೇ ಒಳಗೆ ಹೋಗಿದ್ದಿರಿ.

ನನ್ನ ಗಂಡ ಎರಡು ದಿನ ಹೋಟೆಲಿನಲ್ಲೇ ಉಂಡು ಬಂದರು. ಮೂರನೆಯ ದಿನ ಊಟಕ್ಕೆ ಕೂತಾಗ "ಮರ್ಯಾದೆ ತೆಗೆದಳು" ಎಂದು ಗೊಣಗಿದರು. ಅತ್ತೆ ಶೀಲಾವತಿಯಮ್ಮ ಸಾರಿನ ಸೌಟು ಹಿಡಿದವರು ಹಾಗೇ ನಿಂತು, "ಮೋರೆ ತೋರಿಸಿದ್ದಾಯ್ತಲ್ಲ ಮಗಾ, ಎಂತ ಆಯ್ತು? ನಿನ್ನ ಮೂಗು ಉದುರಿ ಬಿತ್ತಾ?" ಎಂದರು. ನನ್ನ ಗಂಡ ಮೂಗು ಮುಟ್ಟಿ ನೋಡಿಕೊಳ್ಳಲಿಲ್ಲ ನಿಜ, ಆದರೆ ಇನ್ನೊಂದು ತುತ್ತು ಅನ್ನ ಹಾಕಿಸಿಕೊಂಡರು. ಮರುದಿನ ಹೋಟೆಲಿಗೆ ಬಂದ ಗಿರಾಕಿಯೊಬ್ಬರು 'ಹಾಡಿದ್ದು ನಿಮ್ಮ ಹೆಂಡತಿಯಂತೆ, ಹೌದೇ?' ಎಂದು ಅವರನ್ನು ಕೇಳಿದರಂತೆ. 'ಹೌದು ಎಂದು ಹೇಳಿದೆ, ಇನ್ನೇನು ಹೇಳಲಿಕ್ಕುಂಟು' ಎಂದು ಮನೆಗೆ ಬಂದು ನನ್ನ ಮೇಲೆಯೇ ರೇಗಿದರು. ಅವರ ಆ 'ಹೌದು' ನನಗೆ ಪದಕಕ್ಕಿಂತ ಹೆಚ್ಚು.

ನಿಮ್ಮ ಮಾನದ ಮಾತು ಎತ್ತಿದಿರಿ. ಕಂಠ ಒಡೆದದ್ದು ನಿಮ್ಮ ತಪ್ಪಲ್ಲ, ಅದರಲ್ಲಿ ನಾಚಿಕೆಪಡುವಂಥದ್ದೂ ಇಲ್ಲ. ಅದನ್ನು ಮುಚ್ಚಲು ನನ್ನ ಕಂಠ ಎರವಲು ಕೊಟ್ಟೆ, ಸಂತೋಷದಿಂದ ಕೊಟ್ಟೆ. ಕೊಟ್ಟವಳ ಕಂಠವೇ ಇಲ್ಲ ಎಂದು ಬರೆದುಕೊಡು ಎಂದರೆ ಹೇಗೆ? ಗಂಟಲು ಕಟ್ಟಿತ್ತು ಎಂಬ ಒಂದು ಸಾಲು ಬರೆದರೆ ಇಷ್ಟು ವರ್ಷ ಹಾಡಿದ್ದೆಲ್ಲ ನಾನಲ್ಲ ಎಂದು ನಾನೇ ರುಜು ಹಾಕಿದಂತೆ. ನನ್ನ ಕೈ ಅದನ್ನು ಬರೆಯುವುದಿಲ್ಲ. ಬಾಗಿಲು ಮುಚ್ಚುವುದಿದ್ದರೆ ಮುಚ್ಚಲಿ. ಮುಂಬಯಿಯಲ್ಲಿ ಬಾಗಿಲಿಗೇನು ಬರವೇ?

ಒಂದು ಬಾಗಿಲು ತೆರೆದೂ ಆಯಿತು. ಕಾಂದಿವಲಿಯ ಕಾರ್ಖಾನೆ ಕಾಲೊನಿಯಲ್ಲಿರುವ ನಮ್ಮೂರ ಕಡೆಯ ಹೆಂಗಸರೇ ಸೇರಿ ಒಂದು ನಾಟಕ ಎತ್ತಿದ್ದಾರೆ. ಅವರ ಪೈಕಿ ಸೇವಂತಿ ಎಂಬಾಕೆ ಲೋಕಲ್ ಹಿಡಿದು ಇಲ್ಲಿಯವರೆಗೆ ಬಂದು ಕರೆದಳು. ರಾಣಿಯ ಪಾತ್ರ ನನ್ನದು, ಹಾಡೂ ನನ್ನದೇ. ಮುಂದಿನ ವರ್ಷ ಅದೇ ಸ್ಪರ್ಧೆಗೆ ಹೆಸರು ಕೊಡುತ್ತೇವೆ. ಬೇಡ ಎನ್ನುವವರು ಎದುರಿಗೆ ಬಂದು ಹೇಳಲಿ. ಒಂದೇ ತೊಂದರೆ, ನಾನು ರಾಣಿಯಾಗಿ ಬಂದರೆ ನಳ್ಳಿಯಿಂದ ನೀರಿನ ಕೊಡ ಹೊತ್ತು ಬಂದವಳ ಹಾಗಿದೆ ಎಂದು ಎಲ್ಲರೂ ನಗುತ್ತಾರೆ. ಹೆಣ್ಣಾಗಿ ಹುಟ್ಟಿದವಳಿಗೆ ರಾಣಿಯ ನಡಿಗೆ ನೀವು ಕಲಿಸಬೇಕು. ಕರಪತ್ರದಲ್ಲಿ ನಿಮ್ಮ ಹೆಸರನ್ನು ಗುರುಗಳೆಂದು ದಪ್ಪಕ್ಷರದಲ್ಲಿ ಹಾಕಿಸುವುದು ನನ್ನ ಜವಾಬ್ದಾರಿ. ನಾವು ಯಾರ ಹೆಸರನ್ನೂ ನುಂಗುವುದಿಲ್ಲ. ಬರುವುದೂ ಬಿಡುವುದೂ ನಿಮ್ಮಿಷ್ಟ.

ಭಾನುವಾರ ಕಮಿಟಿ ಸೇರುತ್ತದೆ ಅಂದಿರಿ. ನನ್ನ ಉತ್ತರ ಎಲ್ಲಿ ಎಂದು ಕೇಳುತ್ತಾರೆ. ಈ ಪತ್ರವೇ ಉತ್ತರ, ಇದನ್ನು ಅವರ ಮುಂದೆ ಓದಿ. ನಾನೇ ಬಂದು ಹೇಳುತ್ತಿದ್ದೆ, ಅಲ್ಲಿ ಹೆಂಗಸರಿಗೆ ಕುರ್ಚಿಯಿಲ್ಲ. ನೀವು ಎದ್ದು ನಿಂತು ಓದಿ. ರಾಣಿಯ ದನಿಯಲ್ಲಿ ಬೇಡ. ಕಾಫಿಗೆ ಸಕ್ಕರೆ ಕಡಮೆಯಾದಾಗ ನನ್ನ ಗಂಡನನ್ನು ಕೂಗುತ್ತೀರಲ್ಲ, ಆ ಗೊಗ್ಗರು ದನಿಯಲ್ಲಿ ಓದಿ. ಅದು ಒಡೆದಿರಬಹುದು, ಆದರೆ ಅದು ನಿಮ್ಮದು. ಇಷ್ಟು ವರ್ಷ ನನ್ನ ದನಿಗೆ ನೀವು ತುಟಿ ಆಡಿಸಿದಿರಿ. ಈ ಒಂದು ಸಲ ಮಾತು ನನ್ನದಾಗಲಿ, ದನಿ ನಿಮ್ಮದಾಗಲಿ.

ಓದುವಾಗ ನಿಮಗೆ ದೇವರು ಧೈರ್ಯ ಕೊಡಲಿ. ನನ್ನದು ನನ್ನ ಹತ್ತಿರ ಇದೆ.

ಇತಿ,
ಎಂದಿಗೂ ನಿಮ್ಮ ಒಳಿತನ್ನೇ ಬಯಸುವ
ವಿನೋದಿನಿ